ಟೊರೊಂಟೊ ನಗರದ ಚಿಕ್ಕ ಮನೆಗಳು: ರೂಪ, ಹೆಸರು ಮತ್ತು ನೆನಪು

ವಾಸ್ತುವಿನ ಇತಿಹಾಸ ಎಂದಾಗ ನಮ್ಮ ಮನಸ್ಸಿನಲ್ಲಿ ಮೂಡುವುದು ಅರಮನೆ, ದೇವಾಲಯ, ಕೋಟೆಗಳ ಚಿತ್ರ. ಕಟ್ಟಿಸಿದವರ ಹೆಸರನ್ನು ಶಾಸನ ಹೇಳುತ್ತದೆ, ಕಾಲವನ್ನು ಶೈಲಿ ಹೇಳುತ್ತದೆ. ಆದರೆ ದಿನವಿಡೀ ದುಡಿದು ಸಂಜೆಗೆ ಮರಳುವ ಸಾಮಾನ್ಯನ ಮನೆಗೆ ಶಾಸನವೂ ಇಲ್ಲ, ಶಾಸ್ತ್ರವೂ ಇಲ್ಲ. ಶಿಷ್ಟಸಾಹಿತ್ಯಕ್ಕೆ ಸೀಮಿತವಾಗಿದ್ದ ನಮ್ಮ ಅಧ್ಯಯನ ಜಾನಪದದ ಕಡೆಗೆ ತಿರುಗಿದಾಗ ಕನ್ನಡದ ವಿದ್ವತ್ತು ಎಷ್ಟು ವಿಸ್ತಾರಗೊಂಡಿತೆಂಬುದನ್ನು ಬಲ್ಲವರಿಗೆ, ಕಟ್ಟಡಗಳ ಅಧ್ಯಯನದಲ್ಲಿಯೂ ಅಂತಹ ತಿರುವೊಂದು ಅಗತ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದೃಷ್ಟಿಯಿಂದ ಕೆನಡಾ ದೇಶದ ಟೊರೊಂಟೊ ನಗರದ ಚಿಕ್ಕ ಮನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ನಗರವನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಇದು ವಲಸೆ ಬಂದವರು ಕಟ್ಟಿಕೊಂಡ ನಗರ. ನಾಡಿನ ಹೊರಗೆ ಮನೆಮಾಡಿಕೊಂಡವರ ಬದುಕನ್ನು ಬಲ್ಲ ನಮಗೆ ಅದರ ಕಥೆ ತೀರ ಅಪರಿಚಿತವಾಗಲಾರದು. ಎರಡನೆಯದಾಗಿ, ಬಡವರಿಗೆಂದು ಕಟ್ಟಿದ ಮನೆಗಳು ಅಲ್ಲಿ ಕಾಯಿದೆಯ ರಕ್ಷಣೆ ಪಡೆದ ಪರಂಪರೆಯ ಆಸ್ತಿಗಳಾಗಿವೆ. ಈ ರಕ್ಷಣೆಯಲ್ಲಿ ಉಳಿದದ್ದು ಯಾವುದು, ಉಳಿಯದೆ ಹೋದದ್ದು ಯಾವುದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

೧. ಮಾತುಗಳ ಪಯಣ

ಮನೆಯನ್ನು ಪ್ರವೇಶಿಸುವ ಮೊದಲು ಮನೆಯ ಹೆಸರನ್ನು ವಿಚಾರಿಸುವುದು ಭಾಷಾಧ್ಯಯನದವರ ರೂಢಿ. 'ಕಾಟೇಜ್' ಎಂಬ ಇಂಗ್ಲಿಷ್ ಪದಕ್ಕೆ ಮೂಲದಲ್ಲಿ ಇದ್ದ ಅರ್ಥ ಸ್ವಂತ ಹೊಲವಿಲ್ಲದ ಕೂಲಿಯವನ ಗುಡಿಸಲು ಎಂಬುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಶ್ರೀಮಂತರಿಗೆ ಹಳ್ಳಿಯ ಸರಳತೆಯ ಮೋಹ ಹತ್ತಿದಾಗ ಈ ಪದಕ್ಕೆ ಒಂದು ಸೊಗಸು ಬಂದಿತು. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತದಲ್ಲಿ ಇಂದು 'ಕಾಟೇಜ್' ಎಂದರೆ ಬೇಸಗೆಯಲ್ಲಿ ಕೆಲವು ವಾರ ತಂಗಲು ಸರೋವರದ ದಡದಲ್ಲಿ ಇಟ್ಟುಕೊಂಡ ಎರಡನೆಯ ಮನೆ. ನಮ್ಮ ಯಾತ್ರಾಸ್ಥಳಗಳಲ್ಲಿ ಅದೇ ಪದ ಭಕ್ತರು ಬಾಡಿಗೆಗೆ ಪಡೆಯುವ ಕೋಣೆಯಾಗಿದೆ. ಕೂಲಿಯವನ ಗುಡಿಸಲು ಎಂಬ ಅರ್ಥ ಎರಡೂ ಕಡೆ ಮಾಸಿಹೋಗಿದೆ.

'ಬಂಗಲೆ' ಎಂಬ ಪದದ ಪಯಣ ಇದಕ್ಕಿಂತಲೂ ಕುತೂಹಲಕರವಾದುದು. ಬಂಗಾಳ ಪ್ರದೇಶದ ಹಳ್ಳಿಮನೆಯನ್ನು ಸೂಚಿಸುತ್ತಿದ್ದ 'ಬಂಗ್ಲಾ' ಎಂಬ ಮಾತನ್ನು ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳು ತಮ್ಮ ವಸತಿಗೆ ಬಳಸಿದರು. ಆಳುವವರ ಮನೆಯಾದ್ದರಿಂದ ಕನ್ನಡದಲ್ಲಿ ಬಂಗಲೆ ಎಂದರೆ ಸಿರಿವಂತರ ದೊಡ್ಡ ಮನೆ ಎಂದಾಯಿತು. ಅದೇ ಪದ ಇಂಗ್ಲೆಂಡಿನ ಮೂಲಕ ಉತ್ತರ ಅಮೆರಿಕೆಯನ್ನು ಸೇರಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಟೊರೊಂಟೊದ ಸಾಧಾರಣ ಸಂಬಳದವರ ಒಂದಂತಸ್ತಿನ ಪುಟ್ಟ ಮನೆಗೆ ಹೆಸರಾಯಿತು. ಕರ್ನಾಟಕದಲ್ಲಿ ಹಿರಿದಾದ ಮಾತು ಕೆನಡಾದಲ್ಲಿ ಕಿರಿದಾಗಿಯೇ ಉಳಿಯಿತು.

'ವರಾಂಡ' ಕೂಡ ಇದೇ ದಾರಿಯಲ್ಲಿ ಸಾಗಿದ ಪದ. ಅದು ಪೋರ್ಚುಗೀಸರಿಂದ ಭಾರತಕ್ಕೆ ಬಂದಿತೋ ಇಲ್ಲಿಂದ ಅವರಿಗೆ ಹೋಯಿತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಂಗ್ಲಿಷಿಗೆ ಅದು ಭಾರತದಿಂದಲೇ ಹೋಯಿತೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಮಾತಿನ ಜೊತೆಗೆ ವಸ್ತುವೂ ಹೋಯಿತು. ಟೊರೊಂಟೊದ ಹೈ ಪಾರ್ಕ್ ಎಂಬ ಉದ್ಯಾನದಲ್ಲಿ ಇಂದಿಗೂ ನಿಂತಿರುವ ಕೋಲ್ಬೋರ್ನ್ ಲಾಡ್ಜ್ ಇದಕ್ಕೆ ಸಾಕ್ಷಿ. ನಗರದ ಆರಂಭಕಾಲದ ವಾಸ್ತುಶಿಲ್ಪಿಗಳಲ್ಲೊಬ್ಬನಾದ ಜಾನ್ ಜಾರ್ಜ್ ಹೋವರ್ಡ್ ೧೮೩೭ರಲ್ಲಿ ತನಗಾಗಿ ಕಟ್ಟಿಕೊಂಡ ಈ ಮನೆ, ತಗ್ಗಾದ ಮಾಡನ್ನೂ ಅಗಲವಾದ ವರಾಂಡವನ್ನೂ ಹೊಂದಿದ 'ರೀಜೆನ್ಸಿ ಕಾಟೇಜ್' ಶೈಲಿಯದು. ಬಿಸಿಲಿನ ನಾಡಿನಲ್ಲಿ ನೆರಳಿಗಾಗಿ ಹುಟ್ಟಿದ ವರಾಂಡ ಹಿಮ ಬೀಳುವ ನಾಡಿನಲ್ಲಿ ಸೊಬಗಿಗಾಗಿ ನೆಲೆಸಿತು. ೧೮೭೩ರಲ್ಲಿ ಹೋವರ್ಡ್ ತನ್ನ ಜಮೀನನ್ನು ಸಾರ್ವಜನಿಕರ ಉಪಯೋಗಕ್ಕೆಂದು ನಗರಕ್ಕೆ ಒಪ್ಪಿಸಿದ್ದರಿಂದ ಆ ಮನೆ ವಸ್ತುಸಂಗ್ರಹಾಲಯವಾಗಿ ಉಳಿದುಬಂದಿದೆ.

೨. ರೂಪ ಮತ್ತು ಕಾರಣ

ಬ್ರಿಟಿಷರು ೧೭೯೩ರಲ್ಲಿ 'ಯಾರ್ಕ್' ಎಂಬ ಹೆಸರಿನಲ್ಲಿ ಸ್ಥಾಪಿಸಿದ ಊರು ೧೮೩೪ರಲ್ಲಿ ಟೊರೊಂಟೊ ನಗರವಾಯಿತು. ಅದಕ್ಕೂ ಬಹು ಹಿಂದಿನಿಂದ ಆ ಪ್ರದೇಶದಲ್ಲಿ ವೆಂಡಾಟ್, ಹೌಡೆನೊಶೊನಿ ಮೊದಲಾದ ಮೂಲನಿವಾಸಿಗಳು ಮರದ ತೊಗಟೆ ಹೊದಿಸಿದ ಉದ್ದಮನೆಗಳಲ್ಲಿ ವಾಸಿಸಿದ್ದರು. ಬ್ರಿಟಿಷರು ಬಂದಾಗ ಆ ನೆಲ ಮಿಸ್ಸಿಸಾಗ ಜನರದಾಗಿತ್ತು. ಆ ಹಳೆಯ ಮನೆಗಳಲ್ಲಿ ಒಂದೂ ನಿಂತು ಉಳಿದಿಲ್ಲ ಎಂಬುದನ್ನು ಮರೆತು ಈ ನಗರದ 'ಅತ್ಯಂತ ಹಳೆಯ ಮನೆ'ಯ ಮಾತನ್ನು ಆಡಬಾರದು. ಇಂದು ಆ ಹೆಸರಿಗೆ ಪಾತ್ರವಾಗಿರುವುದು ಜಾನ್ ಸ್ಕ್ಯಾಡಿಂಗ್ ಎಂಬುವನಿಗಾಗಿ ೧೭೯೪ರಲ್ಲಿ ಡಾನ್ ನದಿಯ ಪೂರ್ವದಂಡೆಯಲ್ಲಿ ಕಟ್ಟಿದ ಮರದ ದಿಮ್ಮಿಗಳ ಮನೆ. ೧೮೭೯ರಲ್ಲಿ ಯಾರ್ಕ್ ಪಯೊನಿಯರ್ಸ್ ಎಂಬ ಸಂಘದವರು ಅದನ್ನು ಬಿಚ್ಚಿ, ನಗರದ ವಸ್ತುಪ್ರದರ್ಶನದ ಮೈದಾನಕ್ಕೆ ಸಾಗಿಸಿ, ಮತ್ತೆ ಜೋಡಿಸಿದರು. ಹಳೆಯ ಮನೆಯನ್ನು ಉಳಿಸಬೇಕೆಂಬ ಭಾವನೆ ಅಲ್ಲಿ ಆಗಲೇ ಹುಟ್ಟಿತ್ತು; ಆದರೆ ಮನೆ ಉಳಿದರೂ ಅದರ ನೆಲ ತಪ್ಪಿತು.

ದಿಮ್ಮಿಮನೆಯ ನಂತರ ಆ ಪ್ರಾಂತದಲ್ಲೆಲ್ಲ ಹರಡಿದ್ದು 'ಒಂಟಾರಿಯೊ ಕಾಟೇಜ್' ಎಂದು ಹೆಸರಾದ ಮನೆ. ಅದರ ಲಕ್ಷಣಗಳು ಸರಳ. ನಡುವೆ ಬಾಗಿಲು, ಎರಡೂ ಪಕ್ಕದಲ್ಲಿ ಸಮಾನವಾಗಿ ಕಿಟಕಿಗಳು, ಒಂದು ಅಥವಾ ಒಂದೂವರೆ ಅಂತಸ್ತು. ಬಾಗಿಲ ನೇರಕ್ಕೆ ಮಾಡಿನಲ್ಲಿ ಮೇಲೆದ್ದ ಒಂದು ತ್ರಿಕೋನ. ಅದನ್ನು ಗೇಬಲ್ ಎನ್ನುತ್ತಾರೆ. ಆ ತ್ರಿಕೋನದ ಕಿಟಕಿಯಿಂದ ಅಟ್ಟಕ್ಕೆ ಬೆಳಕು ಬರುತ್ತದೆ; ಮಾಡಿನ ಮೇಲಿನ ಹಿಮವೂ ನೀರೂ ಬಾಗಿಲ ಮುಂದೆ ಬೀಳದೆ ಎರಡು ಬದಿಗೆ ಇಳಿಯುತ್ತವೆ. ೧೮೬೦ರ ದಶಕದಲ್ಲಿ 'ದಿ ಕೆನಡಾ ಫಾರ್ಮರ್' ಎಂಬ ಕೃಷಿಪತ್ರಿಕೆ ಇಂತಹ ಅಗ್ಗದ ಮನೆಗಳ ನಕ್ಷೆಗಳನ್ನು ಪ್ರಕಟಿಸಿದ್ದೂ ಈ ರೂಪ ಹರಡುವುದಕ್ಕೆ ನೆರವಾಯಿತು.

ಒಂದೂವರೆ ಅಂತಸ್ತು ಎಂಬ ಈ ವಿಚಿತ್ರ ಎತ್ತರಕ್ಕೆ ತೆರಿಗೆಯೂ ಒಂದು ಕಾರಣವೆಂದು ಹೇಳುವುದುಂಟು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ತೆರಿಗೆಯ ಕಾಯಿದೆ ಮನೆಯ ಬೆಲೆಯನ್ನು ಮೂರು ಸಂಗತಿಗಳಿಂದ ನಿರ್ಧರಿಸುತ್ತಿತ್ತು: ಕಟ್ಟಿದ ಸಾಮಗ್ರಿ, ಅಂತಸ್ತುಗಳ ಸಂಖ್ಯೆ, ಬೆಂಕಿಗೂಡುಗಳ ಸಂಖ್ಯೆ. ಎರಡು ಅಂತಸ್ತು ಮುಟ್ಟದ ಮನೆಗೆ ತೆರಿಗೆ ಕಡಿಮೆ. ಹೀಗಾಗಿ ಮಕ್ಕಳು ಮಲಗುವ ಅಟ್ಟ ಕಾಯಿದೆಯ ಕಣ್ಣಿಗೆ ಅಂತಸ್ತಾಗಲಿಲ್ಲ. ಶತಮಾನದ ನಡುವಿನಲ್ಲಿ ತೆರಿಗೆಯ ಕ್ರಮ ಬದಲಾಯಿತು. ಮನೆಯ ರೂಪ ಬದಲಾಗಲಿಲ್ಲ. ಭಾಷೆಯನ್ನು ಬಲ್ಲವರಿಗೆ ಇದು ಅಚ್ಚರಿಯೆನಿಸದು. ವಿದ್ಯುತ್ತು ಬಂದು ಎಷ್ಟೋ ಕಾಲವಾದರೂ ನಾವು 'ದೀಪ ಹಚ್ಚು' ಎಂದೇ ಹೇಳುತ್ತೇವೆ. ಕಾರಣ ಹೋದ ಮೇಲೂ ರೂಪ ಉಳಿಯುವುದು ಮಾತಿಗೂ ಮನೆಗೂ ಸಮಾನವಾದ ಗುಣ.

೩. ದುಡಿಯುವವರ ಸಾಲುಮನೆಗಳು

೧೮೪೭ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬರದಿಂದ ತಪ್ಪಿಸಿಕೊಂಡು ಬಂದ ಸುಮಾರು ೩೮,೦೦೦ ಮಂದಿ ಟೊರೊಂಟೊದ ಬಂದರಿನಲ್ಲಿ ಇಳಿದರು. ಆಗ ಆ ನಗರದ ಜನಸಂಖ್ಯೆಯೇ ಸುಮಾರು ೨೦,೦೦೦. ಬಂದವರಲ್ಲಿ ಬಹುಪಾಲು ಜನ ಮುಂದೆ ಸಾಗಿದರು. ನೂರಾರು ಮಂದಿ ಜ್ವರದಿಂದ ತೀರಿಕೊಂಡರು. ಉಳಿದವರು ನಗರದ ಪೂರ್ವದಂಚಿನಲ್ಲಿ ಡಾನ್ ನದಿಯ ಬಳಿ ನೆಲೆಸಿದರು. ಅಂಗಳದಲ್ಲಿ ಎಲೆಕೋಸು ಬೆಳೆದು ಹೊಟ್ಟೆಹೊರೆಯುತ್ತಾರೆಂದು ಉಳ್ಳವರು ಹಂಗಿಸಿದ್ದರಿಂದ ಆ ಪ್ರದೇಶಕ್ಕೆ 'ಕ್ಯಾಬೇಜ್ ಟೌನ್', ಅಂದರೆ ಕೋಸಿನೂರು, ಎಂಬ ಹೆಸರು ಅಂಟಿತೆಂದು ಪ್ರತೀತಿ.

ಇವರ ಮನೆಗಳು ಹಳ್ಳಿಯ ಕಾಟೇಜಿನಂತೆ ಬಿಡಿಯಾಗಿ ನಿಲ್ಲಲಿಲ್ಲ. ನಗರದ ನಿವೇಶನಗಳು ಬೀದಿಯ ಕಡೆಗೆ ಕಿರಿದು, ಹಿಂದಕ್ಕೆ ಉದ್ದ. ಅಂತಹ ತುಂಡುಗಳಲ್ಲಿ ಗೋಡೆಗೆ ಗೋಡೆ ಅಂಟಿಸಿ ಸಾಲುಮನೆಗಳನ್ನು ಕಟ್ಟಿದರು. ಬಡವರ ಮನೆಗೆ ಮರದ ಚೌಕಟ್ಟು. ಅದರ ಮೇಲೆ ತೆಳುವಾದ ಮರದ ಪಟ್ಟಿಗಳನ್ನು ಹೊಡೆದು ಒರಟು ಗಾರೆ ಮೆತ್ತುತ್ತಿದ್ದರು. ಸ್ವಲ್ಪ ಅನುಕೂಲವಿದ್ದವರು ಮುಂಗೋಡೆಗೆ ಮಾತ್ರ ಇಟ್ಟಿಗೆ ಹೊದಿಸುತ್ತಿದ್ದರು. ಟೊರೊಂಟೊದ ಮಣ್ಣು ಇಟ್ಟಿಗೆಗೆ ಒಳ್ಳೆಯದು. ಡಾನ್ ಕಣಿವೆಯಲ್ಲಿ ೧೮೮೯ರಲ್ಲಿ ಆರಂಭವಾದ ಇಟ್ಟಿಗೆ ಕಾರ್ಖಾನೆ ಸುಮಾರು ಒಂದು ಶತಮಾನ ನಗರಕ್ಕೆ ಇಟ್ಟಿಗೆ ಒದಗಿಸಿತು.

ಆ ನಗರಕ್ಕೇ ವಿಶಿಷ್ಟವೆನಿಸಿದ 'ಬೇ ಅಂಡ್ ಗೇಬಲ್' ಎಂಬ ರೂಪ ಬೆಳೆದದ್ದು ೧೮೭೦ ಮತ್ತು ೮೦ರ ದಶಕಗಳಲ್ಲಿ. ಕಿರಿದಾದ ಮನೆಯ ಮುಂಭಾಗದ ಅರ್ಧವನ್ನು ಹೊರಚಾಚಿದ ಕಿಟಕಿಗೂಡು ತುಂಬುತ್ತದೆ, ಅದರ ನೆತ್ತಿಯ ಮೇಲೆ ಕಡಿದಾದ ತ್ರಿಕೋನ, ಪಕ್ಕದಲ್ಲಿ ಬಾಗಿಲು. ಅಕ್ಕಪಕ್ಕದಲ್ಲಿ ಗೋಡೆಗಳಿದ್ದು ಬೆಳಕಿಗೆ ಎಡೆಯಿಲ್ಲದ ಮನೆಯೊಳಗೆ ಮೂರು ಮೈಯ ಕಿಟಕಿಯಿಂದ ಬೆಳಕನ್ನು ತರುವ ಉಪಾಯವಿದು. ಅದೇ ಕಾಲದಲ್ಲಿ ಎದ್ದ ವೆಲ್ಲೆಸ್ಲಿ ಕಾಟೇಜಸ್, ಆಲ್ಫಾ ಅವೆನ್ಯೂ ಮೊದಲಾದ ಓಣಿಗಳ ಪುಟ್ಟ ಮನೆಗಳು ಇಂದಿಗೂ ನಿಂತಿವೆ. ಸೇಂಟ್ ಪ್ಯಾಟ್ರಿಕ್ ಬೀದಿಯಲ್ಲಿ ಇನ್ನೊಂದು ವಿಚಿತ್ರವಿದೆ. ೧೮೯೦ರ ದಶಕದ ಸಾಲೊಂದರಲ್ಲಿ ನೆರೆಯ ಮನೆಗಳೆಲ್ಲ ಒಂದೊಂದಾಗಿ ಮಾರಾಟವಾಗಿ ನೆಲಸಮವಾದರೂ ಒಂದು ಮನೆಯವರು ಮಾತ್ರ ಒಪ್ಪಲಿಲ್ಲ. ಜೋಡಿಮನೆಯ ಇನ್ನೊಂದು ಪಾಲನ್ನು ನಡುಗೋಡೆಗೆ ಸರಿಯಾಗಿ ಕತ್ತರಿಸಿ ತೆಗೆದದ್ದರಿಂದ, ನೆತ್ತಿಯ ತ್ರಿಕೋನವೂ ಅರ್ಧವೇ ಉಳಿದು, ಅದು 'ಅರ್ಧ ಮನೆ' ಎಂದೇ ಪ್ರಸಿದ್ಧವಾಗಿದೆ.

೪. ಹೆಸರು ಉಳಿದು ಮನೆ ಹೋದದ್ದು

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೋಸಿನೂರು ಬಡತನದ ಇನ್ನೊಂದು ಹೆಸರಾಗಿತ್ತು. ಅಲ್ಲಿಯೇ ಬಾಲ್ಯವನ್ನು ಕಳೆದ ಹ್ಯೂ ಗಾರ್ನರ್ ೧೯೫೦ರಲ್ಲಿ 'ಕ್ಯಾಬೇಜ್ ಟೌನ್' ಎಂಬ ಹೆಸರಿನಲ್ಲಿಯೇ ಕಾದಂಬರಿಯೊಂದನ್ನು ಪ್ರಕಟಿಸಿದ. ಅದರ ವಸ್ತು ೧೯೩೦ರ ದಶಕದ ಆರ್ಥಿಕ ಕುಸಿತದಲ್ಲಿ ನಲುಗಿದ ಆ ಬೀದಿಗಳ ಬದುಕು. ಕಾದಂಬರಿ ಹೊರಬರುವ ಹೊತ್ತಿಗೆ ಅದು ಚಿತ್ರಿಸಿದ ಬೀದಿಗಳೇ ಅಳಿಯತೊಡಗಿದ್ದವು. ಕೊಳೆಗೇರಿ ನಿರ್ಮೂಲನದ ಹೆಸರಿನಲ್ಲಿ ಜೆರಾರ್ಡ್ ಬೀದಿಯ ದಕ್ಷಿಣದ ಸಾಲುಮನೆಗಳನ್ನು ಕೆಡವಿ, ೧೯೪೮ರಿಂದ ಅಲ್ಲಿ 'ರೀಜೆಂಟ್ ಪಾರ್ಕ್' ಎಂಬ ಸರ್ಕಾರಿ ವಸತಿ ಸಮುಚ್ಚಯವನ್ನು ಕಟ್ಟಿದರು. ಕೆಡವಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಸೋರುವ ಮಾಡು, ತೇವದ ಗೋಡೆ, ಇಕ್ಕಟ್ಟಿನ ಬದುಕು ಕಾದಂಬರಿಕಾರನ ಕಲ್ಪನೆಯಾಗಿರಲಿಲ್ಲ. ಆದರೆ ಹೊಸ ಸಮುಚ್ಚಯವೂ ಅರವತ್ತು ವರ್ಷ ತುಂಬುವ ಮೊದಲೇ ವಿಫಲವೆನಿಸಿ, ೨೦೦೫ರಿಂದ ಅದನ್ನೂ ಹಂತಹಂತವಾಗಿ ಕೆಡವಿ ಮರುನಿರ್ಮಾಣ ಮಾಡುವ ಕೆಲಸ ಆರಂಭವಾಯಿತು.

೧೯೬೦ರ ದಶಕದ ನಡುವಿನಲ್ಲಿ ಪಕ್ಕದ ಟ್ರೆಫಾನ್ ಕೋರ್ಟ್ ಎಂಬ ಬಡಾವಣೆಯನ್ನೂ ಇದೇ ರೀತಿ ತೆರವುಗೊಳಿಸುವ ಯೋಜನೆ ಬಂದಾಗ ನಿವಾಸಿಗಳು ಎದುರುನಿಂತರು. ಅವರನ್ನು ಸಂಘಟಿಸುವುದರಲ್ಲಿ ನೆರವಾದ ಜಾನ್ ಸ್ಯೂವೆಲ್ ಮುಂದೆ ೧೯೭೮ರಲ್ಲಿ ನಗರದ ಮೇಯರ್ ಆದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಹೋರಾಟಗಾರರು ವಾಸ್ತುಪರಂಪರೆಯ ಮಾತನ್ನು ಮುಂದಿಡಲಿಲ್ಲ. ತಾವು ಇದ್ದಲ್ಲೇ ಇರಬೇಕು, ತಮ್ಮನ್ನು ಕೇಳದೆ ತಮ್ಮ ಮನೆಯನ್ನು ಕೆಡವಬಾರದು ಎಂಬುದಷ್ಟೇ ಅವರ ವಾದ.

ಉತ್ತರದ ಡಾನ್ ವೇಲ್ ಎಂಬ ಭಾಗದ ಮನೆಗಳು ಹೀಗೆ ಉಳಿದುಕೊಂಡವು. ೧೯೭೦ರ ದಶಕದಿಂದ ವಿದ್ಯಾವಂತ ಮಧ್ಯಮವರ್ಗದವರು ಅವುಗಳನ್ನು ಕೊಂಡು, ದುರಸ್ತಿಮಾಡಿ, ಸುಣ್ಣಬಣ್ಣ ಬಳಿದು ವಾಸಕ್ಕೆ ಬಂದರು. ಬಾಡಿಗೆಗಿದ್ದ ಹಳೆಯ ನಿವಾಸಿಗಳು ಮೆಲ್ಲನೆ ಬೇರೆ ಕಡೆಗೆ ಸರಿದರು. ಹೊಸಬರಿಗೆ 'ಕ್ಯಾಬೇಜ್ ಟೌನ್' ಎಂಬ ಹೆಸರು ಹಿಡಿಸಿತು. ದಕ್ಷಿಣದಲ್ಲಿ ಮನೆ ಕಳೆದುಕೊಂಡು ಅನಾಥವಾಗಿದ್ದ ಹೆಸರು ಉತ್ತರಕ್ಕೆ ಬಂದು ನೆಲೆಸಿತು. ಒಂದು ಕಾಲದ ಬೈಗುಳ ಇನ್ನೊಂದು ಕಾಲದ ಬಿರುದಾಯಿತು. ಅಲ್ಲಿನ ಅಂಗಡಿಗಳ ಹಲಗೆಗಳಲ್ಲಿ ಕೋಸಿನ ಚಿತ್ರ ಕಾಣಸಿಗುತ್ತದೆ. ಆದರೆ ಹೊಟ್ಟೆಪಾಡಿಗಾಗಿ ಕೋಸು ಬೆಳೆಯುವವರು ಅಲ್ಲಿ ಮನೆ ಕೊಳ್ಳುವಂತಿಲ್ಲ.

೫. ನೆಲದಡಿಯ ಮನೆ

ಮೇಲಿನದು ಹೆಸರು ಉಳಿದು ಮನೆ ಹೋದ ಕಥೆಯಾದರೆ, ಹೆಸರೂ ಮನೆಯೂ ಎರಡೂ ಹೋಗಿದ್ದ ಒಂದು ಕಥೆಯಿದೆ. ಥಾರ್ನ್‌ಟನ್ ಮತ್ತು ಲೂಸಿ ಬ್ಲ್ಯಾಕ್‌ಬರ್ನ್ ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಗುಲಾಮರಾಗಿದ್ದ ದಂಪತಿಗಳು. ೧೮೩೧ರಲ್ಲಿ ತಪ್ಪಿಸಿಕೊಂಡು ಡೆಟ್ರಾಯಿಟ್ ಸೇರಿದರು. ೧೮೩೩ರಲ್ಲಿ ಅಲ್ಲಿ ಸೆರೆಸಿಕ್ಕಾಗ ಕಪ್ಪುಜನರ ಸಮುದಾಯ ಎದ್ದುನಿಂತು ಅವರನ್ನು ಬಿಡಿಸಿತು. ಗಡಿ ದಾಟಿದ ಅವರನ್ನು ಹಿಂದಿರುಗಿಸಲು ಕೆನಡಾದ ಆಡಳಿತ ನಿರಾಕರಿಸಿತು. ೧೮೩೪ರಲ್ಲಿ ಟೊರೊಂಟೊಗೆ ಬಂದ ಅವರು ಈಸ್ಟರ್ನ್ ಅವೆನ್ಯೂ ಬಳಿ ಮರದ ಚಿಕ್ಕ ಮನೆಯೊಂದನ್ನು ಕಟ್ಟಿಕೊಂಡರು. ೧೮೩೭ರಲ್ಲಿ ಆ ಪ್ರಾಂತದ ಮೊದಲ ಬಾಡಿಗೆ ಕುದುರೆಗಾಡಿಯ ವ್ಯವಹಾರವನ್ನು ಆರಂಭಿಸಿದರು. ಮುಂದೆ ತಮ್ಮಂತೆಯೇ ತಪ್ಪಿಸಿಕೊಂಡು ಬಂದವರಿಗೆ ಆಸರೆಯಾದರು. ಅವರಿಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಅವರು ಬರೆದಿಟ್ಟದ್ದೇನೂ ಇಲ್ಲ. ಥಾರ್ನ್‌ಟನ್ ೧೮೯೦ರಲ್ಲಿ, ಲೂಸಿ ೧೮೯೫ರಲ್ಲಿ ತೀರಿಕೊಂಡರು. ಮನೆ ಅಳಿದು, ಆ ಜಾಗ ಶಾಲೆಯೊಂದರ ಅಂಗಳದಲ್ಲಿ ಸೇರಿಹೋಯಿತು.

೧೯೮೫ರಲ್ಲಿ ಪುರಾತತ್ತ್ವಜ್ಞರು ಆ ಅಂಗಳವನ್ನು ಅಗೆದಾಗ ಮನೆಯ ನೆಲಮಾಳಿಗೆಯ ಕುರುಹು ಬೆಳಕಿಗೆ ಬಂದಿತು. ಅಲ್ಲಿಂದ ಮುಂದೆ ಕ್ಯಾರೊಲಿನ್ ಸ್ಮಾರ್ಡ್ಜ್ ಫ್ರಾಸ್ಟ್ ತೆರಿಗೆಯ ಪಟ್ಟಿ, ನ್ಯಾಯಾಲಯದ ಕಡತ, ಪತ್ರಿಕೆಗಳ ಜಾಹೀರಾತುಗಳನ್ನು ವರ್ಷಗಟ್ಟಲೆ ಜೋಡಿಸಿ ಆ ದಂಪತಿಗಳ ಜೀವನವನ್ನು ಪುನಾರಚಿಸಿದರು. ೧೯೯೯ರಲ್ಲಿ ಕೆನಡಾ ಸರ್ಕಾರ ಅವರನ್ನು ರಾಷ್ಟ್ರೀಯ ಮಹತ್ವದ ವ್ಯಕ್ತಿಗಳೆಂದು ಘೋಷಿಸಿತು. ಫ್ರಾಸ್ಟರ ಗ್ರಂಥ ೨೦೦೭ರಲ್ಲಿ ಪ್ರಕಟವಾಗಿ ಆ ದೇಶದ ಗವರ್ನರ್ ಜನರಲ್ ಪ್ರಶಸ್ತಿಯನ್ನು ಪಡೆಯಿತು. ಗೋಡೆಯೊಂದೂ ಉಳಿಯದ ಈ ಮನೆಯ ವಿಷಯದಲ್ಲಿ ನಮಗೆ ತಿಳಿದಿರುವಷ್ಟು, ಮಾಡು ಬಾಗಿಲು ಸಹಿತ ಉಳಿದ ಅನೇಕ ಮನೆಗಳ ವಿಷಯದಲ್ಲಿ ತಿಳಿದಿಲ್ಲ.

೬. ಕಾಯಿದೆ ಕಾಯುವುದೇನನ್ನು?

ಒಂಟಾರಿಯೊ ಪರಂಪರೆ ಕಾಯಿದೆ ಜಾರಿಗೆ ಬಂದದ್ದು ೧೯೭೫ರಲ್ಲಿ. ಅದರ ಪ್ರಕಾರ ಒಂದೊಂದು ಕಟ್ಟಡವನ್ನು ಬಿಡಿಯಾಗಿಯೂ ಇಡೀ ಬಡಾವಣೆಯನ್ನು ಪರಂಪರಾ ಪ್ರದೇಶವಾಗಿಯೂ ಘೋಷಿಸಬಹುದು. ಮೊದಲಿಗೆ ಈ ಕಾಯಿದೆಗೆ ಹಲ್ಲಿರಲಿಲ್ಲ. ಘೋಷಿತ ಕಟ್ಟಡವನ್ನು ಕೆಡವುವುದಕ್ಕೆ ಅನುಮತಿ ನಿರಾಕರಿಸಿದರೂ ಮಾಲೀಕ ೧೮೦ ದಿನ ಕಾದು ಕೆಡವಬಹುದಾಗಿತ್ತು. ೨೦೦೫ರ ತಿದ್ದುಪಡಿ ಕೆಡವುವುದನ್ನು ತಡೆಯುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ಕ್ಯಾಬೇಜ್ ಟೌನಿನ ಬೀದಿಗಳು ೨೦೦೦ದ ದಶಕದಲ್ಲಿ ಭಾಗಭಾಗವಾಗಿ ಈ ರಕ್ಷಣೆಯ ಅಡಿಯಲ್ಲಿ ಬಂದವು. ೨೦೨೨ರ ಇನ್ನೊಂದು ತಿದ್ದುಪಡಿ, ವಸತಿಯ ಕೊರತೆಯನ್ನು ಮುಂದಿಟ್ಟು, ಪಟ್ಟಿಯಲ್ಲಿದ್ದೂ ಘೋಷಿತವಾಗದ ಕಟ್ಟಡಗಳನ್ನು ಗೊತ್ತಾದ ಅವಧಿಯೊಳಗೆ ಘೋಷಿಸಬೇಕು, ಇಲ್ಲವೆ ಪಟ್ಟಿಯಿಂದ ಕೈಬಿಡಬೇಕು ಎಂದು ವಿಧಿಸಿತು. ಹಳೆಯ ಮನೆಯ ರಕ್ಷಣೆಗೂ ಹೊಸ ಮನೆಯ ಅಗತ್ಯಕ್ಕೂ ನಡುವಣ ಜಗ್ಗಾಟ ಹೀಗೆ ಮುಂದುವರಿದಿದೆ.

ಪರಂಪರಾ ಪ್ರದೇಶದಲ್ಲಿ ಕಾಯಿದೆಯ ಗಮನ ಮುಖ್ಯವಾಗಿ ಬೀದಿಗೆ ಕಾಣುವ ಭಾಗದ ಮೇಲೆ. ಇಟ್ಟಿಗೆಯ ಬಣ್ಣ, ಕಿಟಕಿಯ ಅಳತೆ, ಗೇಬಲ್ಲಿನ ಮರದ ಕೆತ್ತನೆ ಇವುಗಳಿಗೆ ರಕ್ಷಣೆಯಿದೆ. ಒಳಗಿನ ಗೋಡೆಗಳನ್ನು ತೆಗೆದು ನಾಲ್ಕು ಕೋಣೆಗಳನ್ನು ಒಂದಾಗಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೂರು ಸಂಸಾರಗಳಿದ್ದ ಮನೆ ಒಂದು ಸಂಸಾರದ ಮನೆಯಾಗುವುದನ್ನು ಯಾವ ಪರಂಪರೆಯ ಕಾಯಿದೆಯೂ ತಡೆಯುವುದಿಲ್ಲ. ಇದನ್ನು ಕಾಯಿದೆಯ ದೋಷವೆನ್ನುವುದಕ್ಕಿಂತ ಅದರ ಮಿತಿಯೆನ್ನುವುದು ಸರಿ. ಗೋಡೆಗೆ ಕಾವಲು ಹಾಕಬಹುದು, ಬದುಕಿಗೆ ಹಾಕಲಾಗದು.

೭. ಉಪಸಂಹಾರ

ಈವರೆಗಿನ ಪರಿಶೀಲನೆಯಿಂದ ಮನೆಯೆಂಬುದು ಮೂರು ಅಂಗಗಳಿಂದ ಕೂಡಿದುದೆಂಬುದು ಸ್ಪಷ್ಟವಾಗುತ್ತದೆ: ಕಟ್ಟಡ, ಹೆಸರು ಮತ್ತು ಅಲ್ಲಿ ಬಾಳಿದವರ ಬದುಕು. ಈ ಮೂರೂ ಒಟ್ಟಿಗೆ ಉಳಿಯಬೇಕೆಂಬ ನಿಯಮವಿಲ್ಲ. ಸ್ಕ್ಯಾಡಿಂಗನ ಮನೆ ನೆಲವನ್ನು ಬಿಟ್ಟು ಬಂದಿತು. ಕೋಸಿನೂರಿನ ಹೆಸರು ಮನೆಯನ್ನು ಬಿಟ್ಟು ಬಂದಿತು. ಬ್ಲ್ಯಾಕ್‌ಬರ್ನ್ ದಂಪತಿಗಳ ಬದುಕು ಮನೆಯಿಲ್ಲದೆಯೇ ಮರಳಿ ಬಂದಿತು. ಕಟ್ಟಡವನ್ನು ಕಾಯಿದೆ ಕಾಯುತ್ತದೆ, ಹೆಸರನ್ನು ಜನರ ನಾಲಗೆ ಕಾಯುತ್ತದೆ. ಬದುಕನ್ನು ಕಾಯಬೇಕಾದವರು ಸಂಶೋಧಕರು ಮತ್ತು ಸಾಹಿತಿಗಳು.

ಟೊರೊಂಟೊದ ವಿದ್ವಾಂಸರಿಗೆ ಈ ಕೆಲಸದಲ್ಲಿ ಆಕರಗಳ ಬಲವಿದೆ. ನಗರದ ದಫ್ತರಖಾನೆಯಲ್ಲಿ ೧೮೩೪ರಿಂದ ಮನೆತೆರಿಗೆಯ ಪಟ್ಟಿಗಳಿವೆ. ಯಾವ ಬೀದಿಯಲ್ಲಿ ಯಾರು, ಯಾವ ಕಸುಬಿನವರು ಇದ್ದರೆಂಬುದನ್ನು ಹೇಳುವ ವಾರ್ಷಿಕ ಕೈಪಿಡಿಗಳಿವೆ. ೧೮೮೦ರ ದಶಕದಿಂದ ಬೆಂಕಿವಿಮೆಗಾಗಿ ತಯಾರಾದ ಗೋಡ್ ನಕಾಶೆಗಳಿವೆ. ಅವುಗಳಲ್ಲಿ ಇಟ್ಟಿಗೆಯ ಮನೆ ಕೆಂಪು, ಮರದ ಮನೆ ಹಳದಿ. ವಿಮೆಯವರು ಬೆಂಕಿಯ ಭಯದಿಂದ ಬಳಿದ ಬಣ್ಣ ಇಂದು ಬಡತನದ ಭೂಪಟವಾಗಿ ಓದಿಸಿಕೊಳ್ಳುತ್ತದೆ.

ನಮ್ಮ ವಿದ್ಯಾರ್ಥಿಗಳಿಗೆ ಈ ಅಧ್ಯಯನದಿಂದ ದೊರೆಯುವ ಪಾಠ ಇಲ್ಲಿಯೇ ಇದೆ. ಹೊರನಾಡಿನ ನಗರಗಳಿಗೆ ದುಡಿಮೆಗಾಗಿ ಬಂದ ಕನ್ನಡಿಗರೂ ಚಿಕ್ಕ ಮನೆಗಳಲ್ಲಿ, ಬಾಡಿಗೆಯ ಖೋಲಿಗಳಲ್ಲಿ ಬಾಳಿದವರು. ಅಂತಹ ಕಟ್ಟಡಗಳನ್ನೆಲ್ಲ ಉಳಿಸಬೇಕೆಂದು ಯಾರೂ ಕೇಳಲಾರರು. ಇಕ್ಕಟ್ಟಿನಲ್ಲಿ ಬಾಳಿದವರಂತೂ ಕೇಳಲಾರರು. ಆದರೆ ಬಾಡಿಗೆಯ ಚೀಟಿ, ಪಡಿತರದ ಪುಸ್ತಕ, ಊರಿಗೆ ಬರೆದ ಕಾಗದ, ಸಂಘದ ಹಾಜರಿಪುಸ್ತಕ ಇವುಗಳನ್ನು ಆಕರವೆಂದು ಭಾವಿಸಿ ಕೂಡಿಡುವುದು ಕನ್ನಡ ವಿಭಾಗಗಳಿಂದ ಆಗಬಹುದಾದ ಕೆಲಸ. ಬ್ಲ್ಯಾಕ್‌ಬರ್ನ್ ದಂಪತಿಗಳ ಮನೆಯನ್ನು ಹುಡುಕಲು ನೂರು ವರ್ಷಗಳ ನಂತರ ನೆಲವನ್ನೇ ಅಗೆಯಬೇಕಾಯಿತು. ನಮ್ಮವರ ವಿಷಯದಲ್ಲಿ ಕೇಳಬೇಕಾದವರು ಕೇಳಿದರೆ ಹೇಳುವವರು ಇನ್ನೂ ಇದ್ದಾರೆ.